ಐದು ಜನರ ಎಂಟುನೂರು

ಎಂಟುನೂರು ಎಂದು ಹೇಳಿದ್ದು ನಾನೇ. ಯಾರೂ ನನ್ನ ಕುತ್ತಿಗೆ ಹಿಡಿದು ಹೇಳಿಸಲಿಲ್ಲ. ನನ್ನ ಬಾಯಿಂದಲೇ ಬಂತು, ನಗುನಗುತ್ತಾ ಬಂತು, ಕೆಳಗೆ ಸಹಿಯನ್ನೂ ನಾನೇ ಹಾಕಿದೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು. ಆಮೇಲೆ ಬೈಯುತ್ತೇನೆ, ಬಿಡುವುದಿಲ್ಲ.

ನಾನು ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ. ದೊಡ್ಡ ಹೋಟೆಲುಗಳ ಬೆಡ್‌ಶೀಟು, ಟವೆಲ್ಲು, ಮೇಜಿನ ಬಟ್ಟೆ ಲಾರಿಗಟ್ಟಲೆ ಬಂದು ಬೀಳುವ ಜಾಗ. ಅರವತ್ತು ಹೆಂಗಸರಿದ್ದೇವೆ. ನನ್ನದು ರೋಲರ್. ಕಾದ ಕಬ್ಬಿಣದ ಉರುಳೆ, ಎರಡು ಮಂಚದಷ್ಟು ಉದ್ದ. ಒದ್ದೆ ಶೀಟಿನ ಎರಡು ತುದಿಯನ್ನು ಇಬ್ಬರು ಎಳೆದು ಹಿಡಿದು ಅದರ ಬಾಯಿಗೆ ಕೊಡಬೇಕು. ಆ ಕಡೆ ಇನ್ನಿಬ್ಬರು ಸುಡುಸುಡು ಶೀಟನ್ನು ಹಿಡಿದು ಮಡಚಬೇಕು. ನಿಮಿಷಕ್ಕೆ ನಾಲ್ಕು. ಕೂರುವ ಮಾತಿಲ್ಲ. ಮೊಣಕೈ ತನಕ ಸುಟ್ಟ ಗೆರೆ ಇಲ್ಲದವರು ನಮ್ಮಲ್ಲಿ ಒಬ್ಬರೂ ಇಲ್ಲ. ಹೊಸದಾಗಿ ಸೇರಿದವಳಿಗೆ ಮೊದಲ ಗೆರೆ ಬಿದ್ದ ದಿನ "ಬಳೆ ತೊಟ್ಟೆ ಬಿಡು" ಎಂದು ನಗುತ್ತೇವೆ.

ಶೀಟಿನ ಇನ್ನೊಂದು ತುದಿಯಲ್ಲಿ ಒಂಬತ್ತು ವರ್ಷದಿಂದಲೂ ನಿಲ್ಲುವವಳು ಒಬ್ಬಳೇ. ಅವಳನ್ನು ಎಲ್ಲರೂ ಮಾತಿನಮಲ್ಲಿ ಎನ್ನುತ್ತಾರೆ. ಉರುಳೆಯ ಸದ್ದಿಗೂ ಮೇಲೆ ಅವಳ ಬಾಯಿ. ಗಂಡನ ಗೊರಕೆ, ಮನೆ ಓನರಿನ ಜಿಪುಣತನ, ಯಾವ ಹೋಟೆಲಿನ ಶೀಟಿನಲ್ಲಿ ಏನು ಕಲೆ, ಎಲ್ಲವೂ ಬರುತ್ತದೆ. ಆ ಶೀಟುಗಳ ಮಡಿಕೆಯಲ್ಲಿ ಕಲೆ ಮಾತ್ರ ಇರುವುದಿಲ್ಲ. ಬೆರಳುದ್ದದ ಸಕ್ಕರೆ ಪೊಟ್ಟಣ, ಒಡೆಯದ ಬಿಸ್ಕತ್ತು, ಬೆಣ್ಣೆಯ ಪುಟ್ಟ ಡಬ್ಬಿ ಸಿಗುತ್ತದೆ. ಕೊಳೆ ಬಟ್ಟೆ ವಿಂಗಡಿಸುವವರು ಅದನ್ನೆಲ್ಲ ಒಂದು ಬಕೆಟ್ಟಿನಲ್ಲಿ ಹಾಕಿಟ್ಟು ಶನಿವಾರ ಹಂಚುತ್ತಾರೆ. ನಮ್ಮ ಮನೆಗೆ ಸಕ್ಕರೆ ಬರುತ್ತಿದ್ದದ್ದು ಹೀಗೆ. ಅಂಗಡಿಯಿಂದ ಸಕ್ಕರೆ ತಂದು ಎಷ್ಟು ವರ್ಷವಾಯಿತೋ ನೆನಪಿಲ್ಲ.

ಮನೆಯಲ್ಲಿ ಐದು ಜನ. ನಾನು, ಗಂಡ, ಅತ್ತೆ, ಹನ್ನೆರಡರ ಮಗಳು, ಏಳರ ಮಗ. ಗಂಡ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು ಬೆನ್ನು ಕೆಟ್ಟ ಮೇಲೆ ಅಲ್ಲೇ ಕೂತು ಚೀಲ ಹೊಲಿಯುತ್ತಾನೆ. ಅವನ ಕೂಲಿ ಅವನ ಮಾತ್ರೆಗೆ, ಬಸ್ಸಿಗೆ. ನನ್ನ ಸಂಬಳ ಬಾಡಿಗೆಗೆ, ಕರೆಂಟಿಗೆ, ಮಕ್ಕಳ ಫೀಸಿಗೆ. ಊಟಕ್ಕೆ ಎಂದು ಉಳಿಯುತ್ತಿದ್ದದ್ದು ಲಾಂಡ್ರಿಯವರು ಕೊಡುವ ಊಟದ ಭತ್ಯೆ. ವಾರಕ್ಕೆ ಸಾವಿರ. ಶನಿವಾರ ಕೈಗೆ ಬರುತ್ತಿತ್ತು, ಶನಿವಾರವೇ ಅಕ್ಕಿ ಬೇಳೆಯಾಗುತ್ತಿತ್ತು.

ಆ ಸಾವಿರದಲ್ಲಿ ಸಂಸಾರ ತೂಗಿಸುವುದರಲ್ಲಿ ನನ್ನದು ಎತ್ತಿದ ಕೈ ಎಂದು ನನಗೆ ಜಂಬ ಇತ್ತು. ಸುಳ್ಳು ಯಾಕೆ ಹೇಳಲಿ. ಎರಡು ಸ್ಟಾಪು ನಡೆದು ಹೋದರೆ ಅಕ್ಕಿ ಕೆಜಿಗೆ ಮೂರು ಕಡಿಮೆ, ನಡೆಯುತ್ತಿದ್ದೆ. ಸಂತೆ ಎತ್ತುವ ಹೊತ್ತಿಗೆ ಹೋದರೆ ಮುಕ್ಕಾದ ಆಲೂಗಡ್ಡೆ ಅರ್ಧ ಬೆಲೆಗೆ, ಕಾಯುತ್ತಿದ್ದೆ. ಎಣ್ಣೆ ನೂರು ಗ್ರಾಂ, ಬೇಳೆ ನೂರು ಗ್ರಾಂ, ಸೋಪು ಅರ್ಧ. ಅಂಗಡಿಯವನು ನನ್ನನ್ನು ದೂರದಿಂದ ಕಂಡರೆ "ನೂರು ಗ್ರಾಂ ಅಕ್ಕ ಬಂದ್ರು, ಚಿಕ್ಕ ಕವರ್ ತೆಗಿ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಎಷ್ಟು ಮಾಡಿದರೂ ಸಾವಿರದ ಮೇಲೆ ನೂರು ಹೋಗೇ ಹೋಗುತ್ತಿತ್ತು, ಗಂಡನ ಮಾತ್ರೆ ಎರಡು ದಿನ ತಪ್ಪುತ್ತಿತ್ತು.

ಬೆಲೆ ಏರಿತು. ಅರವತ್ತು ಜನ ಸೇರಿ ಭತ್ಯೆ ಸಾವಿರದ ಮುನ್ನೂರು ಮಾಡಿ ಎಂದು ಕಾಗದ ಬರೆದು ಕೊಟ್ಟೆವು. ಮಾತಿನಮಲ್ಲಿಯೇ ಮುಂದೆ ನಿಂತು ಕೊಟ್ಟಳು. ಮ್ಯಾನೇಜರು ಓದಿ, "ಪರಿಶೀಲನೆ ಮಾಡ್ತೀವಿ. ನಮ್ಮ ಮೇಡಂ ನಿಮ್ಮ ನಿಮ್ಮ ಮನೆಗೇ ಬಂದು ನೋಡ್ತಾರೆ" ಎಂದರು. ಮೇಡಂ ಎಂದರೆ ಕಾರ್ಮಿಕರ ಕ್ಷೇಮ ನೋಡಿಕೊಳ್ಳಲು ಆಫೀಸಿನಲ್ಲಿ ಇಟ್ಟಿರುವ ಹೆಂಗಸು. ಅಷ್ಟರಲ್ಲಿ ಯಾವಳೋ ಒಬ್ಬಳು ಗಾಳಿಸುದ್ದಿ ಬಿಟ್ಟಳು. ಲಾಂಡ್ರಿಯ ಹಿಂದಿನ ಜಾಗದಲ್ಲಿ ಕ್ವಾರ್ಟರ್ಸ್ ಕಟ್ಟುತ್ತಾರಂತೆ, ಚೊಕ್ಕವಾಗಿ ಸಂಸಾರ ಮಾಡುವವರನ್ನು ಆರಿಸಿ ಕೊಡುತ್ತಾರಂತೆ, ಅದಕ್ಕೇ ಈ ಮನೆ ನೋಡುವ ನಾಟಕವಂತೆ. ನಾನು ನಂಬಿದೆ. ಬಾಡಿಗೆ ಇಲ್ಲದ ಎರಡು ಕೋಣೆ ಎಂದರೆ ಯಾರು ತಾನೆ ನಂಬುವುದಿಲ್ಲ?

ಮೇಡಂ ಭಾನುವಾರ ಬೆಳಿಗ್ಗೆ ಬಂದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಇದ್ದ ಒಂದೇ ಕುರ್ಚಿಯನ್ನು ಅತ್ತೆ ಸೆರಗಿನಿಂದ ಒರೆಸಿ ಕೊಟ್ಟರು. ಎರಡು ದಿನದ ಹಾಲು ಅಷ್ಟನ್ನೂ ಹಾಕಿ ಚಹಾ ಮಾಡಿದರು. ಮೇಡಂ ಒಂದು ಫಾರಂ ತೆಗೆದು ವಾರಕ್ಕೆ ಅಕ್ಕಿ ಎಷ್ಟು, ಬೇಳೆ ಎಷ್ಟು, ಎಣ್ಣೆ ಎಷ್ಟು ಎಂದು ಕೇಳುತ್ತಾ ಹೋದರು.

ನಾನು ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಇಳಿಸಿ ಹೇಳಿದೆ. ದುಂದುಗಾರ್ತಿ ಅನ್ನಿಸಿಕೊಳ್ಳಬಾರದಲ್ಲ. ಮೊಟ್ಟೆ ಎಂಟು ಎನ್ನುವಲ್ಲಿ ಐದು ಎಂದೆ. ಹಾಲು ದಿನಕ್ಕೆ ಅರ್ಧ ಲೀಟರ್ ಎನ್ನುವಲ್ಲಿ ಕಾಲು ಎಂದೆ.

"ಸಕ್ಕರೆ ಹೇಳ್ಲೇ ಇಲ್ವಲ್ಲ" ಎಂದರು ಮೇಡಂ.

ಬಕೆಟ್ಟಿನ ಪೊಟ್ಟಣದ ಮಾತು ಆಡುವ ಹಾಗಿಲ್ಲ, ಅದನ್ನು ಕದ್ದ ಮಾಲು ಎನ್ನುತ್ತಾರೆ. ಅತ್ತೆಯೇ ಕೈ ಹಿಡಿದರು.

"ನಮ್ಮನೇಲಿ ಯಾರೂ ಸಿಹಿ ತಿನ್ನಲ್ಲಮ್ಮ" ಎಂದರು. ಮೇಡಂ ಕುಡಿಯುತ್ತಿದ್ದ ಚಹಾದಲ್ಲಿ ಎರಡು ಪೊಟ್ಟಣ ಇತ್ತು.

"ಎಲ್ರೂ ಹೊಟ್ಟೆ ತುಂಬ ಊಟ ಮಾಡ್ತೀರಾ ಅಜ್ಜಿ?"

"ಅಯ್ಯೋ, ತುಂಬಿ ಮಿಗತ್ತೆ. ನನ್ನ ಸೊಸೆ ಕೈ ಅಂಥದ್ದು ತಾಯಿ. ನಂಗಂತೂ ಹಲ್ಲು ಹೋಗಿದ್ದೇ ಲಾಭ, ಗಟ್ಟಿ ಪದಾರ್ಥದ ಖರ್ಚೇ ಇಲ್ಲ."

ಮೂವರೂ ನಕ್ಕೆವು. ಕೂಡಿಸಿದಾಗ ಎಂಟುನೂರು ಬಂತು. "ತುಂಬಾ ಜಾಣೆ ನೀವು" ಎಂದು ಮೇಡಂ ನನ್ನ ಬೆನ್ನು ತಟ್ಟಿದರು. ಸಹಿ ಹಾಕಿದೆ. ಬಾಗಿಲಲ್ಲಿ ಅತ್ತೆಯನ್ನೂ ನನ್ನನ್ನೂ ನಿಲ್ಲಿಸಿ ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಆ ದಿನ ಅತ್ತೆ ಮೇಡಂ ಹೊಗಳಿದ್ದನ್ನು ಮಹಡಿಯವರಿಗೆಲ್ಲ ಹೇಳಿಕೊಂಡು ಬಂದರು.

ಹತ್ತು ದಿನ ಕಳೆದು ಕೆಲಸಕ್ಕೆ ಹೋದರೆ ಹಾಜರಿ ಯಂತ್ರದ ಪಕ್ಕ ಜನ ನಿಂತಿದ್ದಾರೆ. ಗೋಡೆಯ ಮೇಲೆ ಬಣ್ಣದ ದೊಡ್ಡ ಕಾಗದ. 'ಜಾಣ ಸಂಸಾರ: ಐದು ಜನ, ಎಂಟುನೂರು.' ನಡುವೆ ನಾನು ಮತ್ತು ಅತ್ತೆ ಹಲ್ಲು ಕಿರಿದುಕೊಂಡು. ಕೆಳಗೆ ನಾನು ಹೇಳಿದ ಪಟ್ಟಿ, ಗ್ರಾಂ ಲೆಕ್ಕದಲ್ಲಿ. ಸಕ್ಕರೆಯ ಮುಂದೆ 'ಅಗತ್ಯವಿಲ್ಲ' ಎಂದು ಬರೆದಿತ್ತು. ಅದರ ಪಕ್ಕ ಇನ್ನೊಂದು ಚಿಕ್ಕ ಕಾಗದ. ಪರಿಶೀಲನೆ ಮುಗಿದಿದೆ, ಮುಂದಿನ ವಾರದಿಂದ ಎಲ್ಲರ ಊಟದ ಭತ್ಯೆ ಎಂಟುನೂರು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾರಿ ಬಿಟ್ಟು ನಿಂತರು, ಕೊಳಕು ತುಳಿದು ಬಂದವಳಿಗೆ ಬಿಡುವ ಹಾಗೆ. ರೋಲರಿನ ಹತ್ತಿರ ಮಾತಿನಮಲ್ಲಿ ತನ್ನ ತುದಿ ಹಿಡಿದು ನಿಂತಿದ್ದಳು. ಇಡೀ ದಿನ ಅವಳ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಉರುಳೆಯ ಸದ್ದು ಅಷ್ಟು ದೊಡ್ಡದು ಎಂದು ನನಗೆ ಅವತ್ತೇ ಗೊತ್ತಾದದ್ದು. ಮಧ್ಯಾಹ್ನದ ಮೇಲೆ ಅವಳು ತುದಿಯನ್ನು ಬೇಗ ಬಿಟ್ಟಳು. ಶೀಟು ಜಗ್ಗಿ ನನ್ನ ಕೈಯನ್ನು ಕಬ್ಬಿಣಕ್ಕೆ ಒಯ್ದಿತು. ಬೇಕೆಂದೇ ಬಿಟ್ಟಳೋ ತಪ್ಪಿತೋ ಕೇಳಲಿಲ್ಲ. ಬೇಕೆಂದೇ ಬಿಟ್ಟಿದ್ದರೂ ನ್ಯಾಯವೇ ಅನ್ನಿಸಿತು.

ನಾನು ಬಾಯಲ್ಲಿ ಹೇಳಿದ ಸಂಖ್ಯೆ ಈಗ ನಮ್ಮ ಮನೆಗೇ ಬಂದು ಕೂತಿತು. ಎಂಟುನೂರರಲ್ಲಿ ವಾರ ಕಳೆಯಬೇಕು. ಮೊದಲು ಮೊಟ್ಟೆ ಹೋಯಿತು. ಆಮೇಲೆ ಹಾಲು. ಆಮೇಲೆ ಎಣ್ಣೆ, ಬಾಣಲೆಗೆ ಬೆರಳಲ್ಲಿ ಸವರುವಷ್ಟಕ್ಕೆ ಬಂತು. ಅಕ್ಕಿಯನ್ನು ಮಾತ್ರ ಇಳಿಸಲಿಲ್ಲ. ತಲೆಗೊಂದು ಲೋಟ, ಐದು ಲೋಟ. ಅಷ್ಟನ್ನಾದರೂ ಹಿಡಿದುಕೊಂಡಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ.

ಅತ್ತೆ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು. ಒಲೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಕೂರುತ್ತಿದ್ದರು. ಸೌಟಿನಿಂದ ಪಾತ್ರೆಯ ತಳ ಕೆರೆಯುವ ಸದ್ದು ಬರುತ್ತಿತ್ತು. ತುಂಬ ಹೊತ್ತು ಬರುತ್ತಿತ್ತು. "ಅತ್ತೆ, ಇದ್ಯಾ ನಿಮಗೆ?" ಎಂದರೆ "ಇದೆ ಕಣೇ, ನೀನು ಉಣ್ಣು, ಬೆಳಿಗ್ಗೆ ನಿಲ್ಲೋಳು ನೀನು" ಎನ್ನುತ್ತಿದ್ದರು. ನಾನು ಎದ್ದು ಹೋಗಿ ನೋಡಲಿಲ್ಲ. ಮೂರು ಹೆಜ್ಜೆ ಅಷ್ಟೇ, ಎದ್ದು ಹೋಗಿ ನೋಡಲಿಲ್ಲ. ನೋಡಿದರೆ ನನ್ನ ತಟ್ಟೆಯಿಂದ ತೆಗೆದು ಹಾಕಬೇಕಾಗುತ್ತಿತ್ತು, ನನಗೆ ಹಸಿವಿತ್ತು. ಈ ಮಾತನ್ನು ಗಂಡನಿಗೂ ಹೇಳಿಲ್ಲ.

ನಾಲ್ಕು ತಿಂಗಳು ಹೀಗೆ. ಒಂದು ಗುರುವಾರ ಮಧ್ಯಾಹ್ನ ಅತ್ತೆ ಬಟ್ಟೆ ಒಣಹಾಕಲು ಹೋಗಿ ಅಲ್ಲೇ ಕುಸಿದರು. ಮಗಳು ಸ್ಕೂಲಿನಿಂದ ಬೇಗ ಬಂದವಳು ನೋಡಿ, ಮಹಡಿಯವರೆಲ್ಲ ಕೆಲಸಕ್ಕೆ ಹೋಗಿದ್ದರಿಂದ ಕೆಳಗಿನ ಅಂಗಡಿಯ ಫೋನಿನಿಂದ ಲಾಂಡ್ರಿಗೆ ಮಾಡಿದ್ದಾಳೆ. ಆಗ ಎರಡು ಗಂಟೆ. ಸೂಪರ್‌ವೈಸರ್ ನನಗೆ ಹೇಳಿದ್ದು ನಾಲ್ಕಕ್ಕೆ, ಹೋಟೆಲಿನ ಅರ್ಜೆಂಟು ಗಾಡಿ ಮುಗಿದ ಮೇಲೆ. ಎರಡು ಗಂಟೆ ಕಾಲ ನಾನು ಯಾರೋ ಮಲಗುವ ಶೀಟಿನ ಸುಕ್ಕು ಬಿಡಿಸುತ್ತಿದ್ದೆ. ನನ್ನ ಮಗಳು ಆ ಎರಡು ಗಂಟೆ ಅಜ್ಜಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಅಜ್ಜಿ ಯಾವಾಗ ಹೋದರು ಎಂದು ಅವಳಿಗೂ ಗೊತ್ತಾಗಲಿಲ್ಲ.

ಮೆಟ್ಟಿಲು ಇಳಿಸುವಾಗ ಗಂಡನ ಬೆನ್ನು ಬಗ್ಗುವುದಿಲ್ಲ ಎಂದು ನಾನೇ ಎತ್ತಿಕೊಂಡೆ. ಲಾಂಡ್ರಿಯಲ್ಲಿ ಒಣಗಿದ ಬಟ್ಟೆಯ ಒಂದು ಚೀಲ ಮೂವತ್ತು ಕೆಜಿ. ದಿನಕ್ಕೆ ನಲವತ್ತು ಸಲ ಎತ್ತುತ್ತೇನೆ, ಕೈಗೆ ತೂಕ ಗೊತ್ತು. ಅತ್ತೆ ಒಂದು ಚೀಲಕ್ಕಿಂತ ಹಗುರ ಇದ್ದರು. ಮೂರು ಮಹಡಿಯೂ ಅಳುತ್ತಾ ಇಳಿದೆ. ಕೆಳಗೆ ಡಾಕ್ಟರು ನೋಡಿ "ಊಟ ಸರಿಯಾಗಿ ಮಾಡ್ತಿರ್ಲಿಲ್ವಾ?" ಎಂದು ಕೇಳಿದರು. "ವಯಸ್ಸಾಗಿತ್ತು" ಎಂದೆ. ಅಲ್ಲೂ ಮಾನ.

ಮಣ್ಣು ಮಾಡಿ ಬಂದ ಮೂರನೇ ದಿನ ಒಲೆ ಹಚ್ಚಿದೆ. ಡಬ್ಬಿಯಿಂದ ಅಕ್ಕಿ ತೆಗೆದೆ. ಒಂದು, ಎರಡು, ಮೂರು, ನಾಲ್ಕು. ಐದನೆಯ ಲೋಟವನ್ನು ವಾಪಸ್ ಡಬ್ಬಿಗೆ ಸುರಿದೆ. ಸುರಿಯುವಾಗ ಮನಸ್ಸಿನಲ್ಲಿ, ಸದ್ಯ, ದಿನಕ್ಕೊಂದು ಲೋಟ ಉಳಿಯಿತು ಎಂದು ಬಂತು. ಬರಬಾರದಿತ್ತು, ಬಂತು. ಬಡವರ ಮನಸ್ಸು ಕೆಟ್ಟದ್ದಲ್ಲ, ಅದನ್ನು ಹಾಗೆ ಮಾಡಿಟ್ಟಿದ್ದಾರೆ.

ಅವತ್ತು ಅನ್ನ ಸಾಲಲಿಲ್ಲ. ನಾಲ್ಕು ಲೋಟ, ನಾಲ್ಕು ಜನ, ಸಾಲಲಿಲ್ಲ. ಮಗ "ಇನ್ನೂ ಬೇಕು" ಎಂದ. ಗಂಡ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತ. ನನಗೂ ಹೊಟ್ಟೆ ತುಂಬಲಿಲ್ಲ. ಅಳತೆ ತಪ್ಪಿತೇನೋ ಎಂದು ಮಾರನೇ ದಿನ ಲೋಟ ಒತ್ತಿ ತುಂಬಿದೆ. ಮತ್ತೆ ಸಾಲಲಿಲ್ಲ. ಆಗ ಗೊತ್ತಾಯಿತು. ಅತ್ತೆಯ ಲೋಟವನ್ನು ನಾವು ನಾಲ್ವರೂ ತಿಂದುಕೊಂಡು ಬಂದಿದ್ದೆವು. ಅವರು ಕೆರೆಯುತ್ತಿದ್ದದ್ದು ಖಾಲಿ ಪಾತ್ರೆ. ನಾನು ಸೌಟನ್ನು ಬಿಸಾಕಿ ಗೋಡೆಗೆ ತಲೆ ಕೊಟ್ಟು ಗೋಳೋ ಎಂದು ಅತ್ತುಬಿಟ್ಟೆ. ಗಂಡ ಏನಾಯಿತು ಎಂದು ಕೇಳಿದ. ಅತ್ತೆ ನೆನಪಾದರು ಎಂದೆ.

ಕೆಲಸಕ್ಕೆ ಹೋದ ವಾರವೇ ಮೇಡಂ ರೋಲರಿನ ಹತ್ತಿರ ಬಂದರು. ಕೈಯಲ್ಲಿ ಫಾರಂ. ಮುಖ ಸಪ್ಪೆ ಮಾಡಿಕೊಂಡು, "ಅಜ್ಜಿ ಹೋದ್ರಂತೆ, ಪಾಪ" ಎಂದರು. ಸ್ವಲ್ಪ ಹೊತ್ತು ನಿಂತರು. ಪಾಪ ಎನ್ನುವುದಕ್ಕೆ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು. ಆಮೇಲೆ, "ಈಗ ನಾಲ್ಕು ಜನ ಅಲ್ವಾ? ಚಾರ್ಟ್ ಹೊಸದು ಮಾಡ್ಬೇಕು. ತಲೆಗೆ ನೂರ ಅರವತ್ತು ಬೀಳತ್ತೆ, ನಾಲ್ಕು ಜನಕ್ಕೆ ಆರುನೂರ ನಲವತ್ತು. ಇನ್ಮೇಲೆ ಭತ್ಯೆ ಎಲ್ರಿಗೂ ತಲೆ ಲೆಕ್ಕದಲ್ಲೇ. ಶನಿವಾರ ಸಭೆ ಇದೆ, ನೀವೇ ಎರಡು ಮಾತು ಹೇಳ್ಬೇಕು. ನಿಮ್ಮ ಮಾತಿಗೆ ಬೆಲೆ ಇದೆ" ಎಂದರು.

ನನ್ನ ಮಾತಿನ ಬೆಲೆ ನನಗೆ ಗೊತ್ತಿತ್ತು. ತಲೆಯಾಡಿಸಿದೆ. ಶೀಟಿನ ಆ ತುದಿಯಿಂದ ಮಾತಿನಮಲ್ಲಿ ನನ್ನನ್ನು ದುರುಗುಟ್ಟಿ ನೋಡಿದಳು.

ಆ ವಾರ ಇನ್ನೊಂದು ಸಂಗತಿ ಕಂಡೆ. ಮಗಳು ಬಡಿಸಲು ನಿಂತಿದ್ದಳು. ನಾನು ಕೆಲಸದಿಂದ ಬರುವಷ್ಟರಲ್ಲಿ ಅನ್ನ ಮಾಡಿ, ತಮ್ಮನಿಗೆ, ಅಪ್ಪನಿಗೆ, ನನಗೆ ಹಾಕಿ, ಕೊನೆಗೆ ಕೂರುತ್ತಿದ್ದಳು. ಅವಳ ಮಣಿಕಟ್ಟು ನೋಡಿದೆ. ಹನ್ನೆರಡು ವರ್ಷದ ಹುಡುಗಿಯ ಮಣಿಕಟ್ಟು ನನ್ನ ಎರಡು ಬೆರಳಿನೊಳಗೆ ಸಲೀಸಾಗಿ ಬಂತು. "ಬಿಡಮ್ಮ" ಎಂದು ಕಿತ್ತುಕೊಂಡಳು. ಆರುನೂರ ನಲವತ್ತಕ್ಕೆ ಬಂದರೆ ಯಾರು ಹೋಗುತ್ತಾರೆ ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

ಶನಿವಾರ ಸಭೆ ಕ್ಯಾಂಟೀನಿನಲ್ಲಿ. ಅರವತ್ತು ಜನ ಬೆಂಚಿನ ಮೇಲೆ. ಮುಂದೆ ಮ್ಯಾನೇಜರು, ಮೇಡಂ, ಮೇಜಿನ ಮೇಲೆ ನನಗೆ ಕೊಡಲು ಬಣ್ಣದ ಕಾಗದ ಸುತ್ತಿದ ಒಂದು ಡಬ್ಬ. ಮ್ಯಾನೇಜರು ನನ್ನನ್ನು ಕರೆದು, "ಬಾಮ್ಮಾ, ಹೇಳು, ನಿನ್ನ ಗುಟ್ಟೇನು ಅಂತ ಎಲ್ರಿಗೂ ಹೇಳು" ಎಂದರು. ಫಾರಂ ಮುಂದಿಟ್ಟು ಪೆನ್ನು ಕೊಟ್ಟರು. ಯಾರೋ ಹಿಂದಿನಿಂದ "ಥೂ" ಎಂದರು.

ನಾನು ಪೆನ್ನು ಕೆಳಗಿಟ್ಟೆ.

"ಗುಟ್ಟು ಹೇಳ್ತೀನಿ. ನಾನು ಸುಳ್ಳು ಹೇಳಿದ್ದೆ. ನಮಗೆ ಸಾವಿರದ ನೂರು ಬೇಕಾಗ್ತಿತ್ತು. ಕ್ವಾರ್ಟರ್ಸ್ ಸಿಗತ್ತೆ ಅನ್ನೋ ಆಸೆಗೆ, ಚೆನ್ನಾಗಿ ಕಾಣ್ಬೇಕು ಅನ್ನೋ ಆಸೆಗೆ ಎಂಟುನೂರು ಅಂದೆ. ಸಕ್ಕರೆ ನಿಮ್ಮ ಶೀಟಲ್ಲಿ ಸಿಕ್ಕಿದ್ದು. ಮೇಡಂ ಕುಡಿದ ಚಹಾಕ್ಕೂ ಅದೇ ಹಾಕಿದ್ದು."

ಬೆಂಚಿನ ಮೇಲೆ ಗುಜುಗುಜು ಎದ್ದಿತು. ಮೇಡಂ ಮುಖ ಕೆಂಪಾಯಿತು.

"ನೀವು ಎಂಟುನೂರು ಮಾಡಿದ್ರಿ. ಐದು ಜನ ಅಂತ ಬರ್ದಿದೀರಲ್ಲ, ಐದು ಜನ ತಿನ್ಲಿಲ್ಲ. ನಾಲ್ಕು ಜನ ತಿಂದ್ವಿ, ನಮ್ಮತ್ತೆ ನೋಡ್ತಾ ಇದ್ರು. ನಾಲ್ಕು ತಿಂಗ್ಳು ಖಾಲಿ ಪಾತ್ರೆ ಕೆರೆದು ಸತ್ರು. ಈಗ ಅವ್ರ ಪಾಲು ಕಳೀತೀನಿ ಅಂತೀರಿ. ಅವ್ರಿಗೆ ಪಾಲೆಲ್ಲಿತ್ತು ಕಳ್ಯೋಕೆ? ನಾನೂ ನಿಮ್ಮ ಹಾಗೇ ಕಳ್ದೆ. ಸತ್ತ ಮೂರನೇ ದಿನಕ್ಕೆ ಒಂದು ಲೋಟ ಕಳ್ದೆ. ಆ ಪಾಪ ನಂದು, ನಂಗಿರ್ಲಿ. ಆದ್ರೆ ಈಗ ನನ್ನ ಮಗಳು ಕೊನೇಲಿ ಕೂರ್ತಿದಾಳೆ. ಆರುನೂರ ನಲವತ್ತಾದ್ರೆ ಅವಳು. ಅವಳಾದ್ಮೇಲೆ ಇನ್ನೊಂದು ಚಾರ್ಟ್ ಮಾಡ್ತೀರಾ ಮೇಡಂ, ಮೂರು ಜನಕ್ಕೆ? ನಾನು ಸೈನ್ ಹಾಕಲ್ಲ."

ಮಾತಿನಮಲ್ಲಿ ಎದ್ದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಬಾಯಿ ನನ್ನ ಪರವಾಗಿ ತೆರೆಯಿತು. "ನಮ್ಮನೇಲೂ ಅಷ್ಟೇ ಸಾರ್. ಫಾರಂ ತಗೊಂಡು ಇನ್ನೊಂದ್ಸಲ ಬನ್ನಿ, ಪಾತ್ರೆ ತೋರಿಸ್ತೀವಿ" ಎಂದಳು. ಇನ್ನೂ ಹತ್ತಾರು ಜನ ಎದ್ದರು. ಎಲ್ಲರೂ ಏಳಲಿಲ್ಲ.

ಮ್ಯಾನೇಜರು ಕೂಗಾಡಲಿಲ್ಲ. ಹಳೆಯ ಫಾರಂ ತೆಗೆದು ನನ್ನ ಸಹಿಯ ಮೇಲೆ ಬೆರಳಿಟ್ಟರು.

"ಇದು ನಿಂದೇ ತಾನೆ?"

"ನಂದೇ."

"ಕಂಪನಿಗೆ ತಪ್ಪು ಮಾಹಿತಿ ಕೊಟ್ಟಿದ್ದೀಯ. ನೀನೇ ಒಪ್ಕೊಂಡೆ, ಇಷ್ಟು ಜನರ ಮುಂದೆ. ಸೋಮವಾರದಿಂದ ಬರ್ಬೇಡ."

ಹೀಗೆ ಹೋಯಿತು ಒಂಬತ್ತು ವರ್ಷದ ಕೆಲಸ. ಸುಳ್ಳು ಹೇಳಿದಾಗ ಬೆನ್ನು ತಟ್ಟಿದವರು, ನಿಜ ಹೇಳಿದಾಗ ಸುಳ್ಳಿ ಎಂದು ಹೊರಗೆ ಹಾಕಿದರು. ಆದರೆ ಹೊಸ ಚಾರ್ಟು ಅವತ್ತು ಗೋಡೆಗೆ ಹತ್ತಲಿಲ್ಲ. ಹೆಂಗಸರು ರೋಲರಿಗೆ ಹೋಗದೆ ಕ್ಯಾಂಟೀನಿನಲ್ಲೇ ಕೂತರು ಎಂದು ಆಮೇಲೆ ಗೊತ್ತಾಯಿತು. ಎಷ್ಟು ಹೊತ್ತು ಕೂತರೋ, ಎಷ್ಟು ದಿನ ಕೂರುತ್ತಾರೋ ಗೊತ್ತಿಲ್ಲ. ಅವರಿಗೂ ಒಲೆಗಳಿವೆ, ನಾನು ಯಾರನ್ನೂ ದೂರುವುದಿಲ್ಲ. ಮಾತಿನಮಲ್ಲಿ ಗೇಟಿನ ತನಕ ಬಂದಳು. ನನ್ನ ಸುಟ್ಟ ಕೈ ಹಿಡಿದು, "ಅವತ್ತು ಬೇಕಂತ್ಲೇ ಬಿಟ್ಟೆ ಕಣೇ" ಎಂದಳು. ಅತ್ತಳು. "ಗೊತ್ತು ಬಿಡು" ಎಂದೆ.

ಮನೆಗೆ ಬಂದಾಗ ನಾಲ್ಕು ಗಂಟೆ. ವಾರದ ಕೊನೆಯ ಭತ್ಯೆ ಕೈಯಲ್ಲಿತ್ತು, ಅದರ ಮೇಲೆ ಏನೂ ಇರಲಿಲ್ಲ. ಡಬ್ಬಿಯಲ್ಲಿದ್ದ ಅಕ್ಕಿಯನ್ನು ಅಳೆಯಲಿಲ್ಲ, ಸುರಿದೆ. ಅನ್ನ ಬೇಯುವ ತನಕ ಒಲೆಯ ಮುಂದೆಯೇ ನಿಂತಿದ್ದೆ. ಬೇಳೆ ಇದ್ದಷ್ಟನ್ನೂ ಹಾಕಿದೆ. ಮೊದಲ ತಟ್ಟೆ ಮಗಳಿಗೆ ಹಾಕಿದೆ. ಅವಳು ಅದನ್ನು ತಮ್ಮನ ಕಡೆ ತಳ್ಳಿದಳು.

"ನಾನು ಸ್ಕೂಲಲ್ಲೇ ತಿಂದೆನಮ್ಮ. ಫ್ರೆಂಡ್ ಕೊಟ್ಲು" ಎಂದಳು.

ಅವತ್ತು ಸ್ಕೂಲಿಗೆ ರಜೆ. ಬೆಳಗಿನಿಂದ ಅವಳು ಮನೆಯಲ್ಲೇ ಇದ್ದಳು. ಸುಳ್ಳು ಹೇಳುವುದಕ್ಕೂ ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ. ತಟ್ಟೆಯನ್ನು ಮತ್ತೆ ಅವಳ ಮುಂದೆ ಇಟ್ಟೆ. ಎದುರಿಗೆ ಕೂತೆ. ತಿನ್ನುವ ತನಕ ಏಳುವುದಿಲ್ಲ ಎಂದೆ.

ಅವಳು ಡಬ್ಬಿಯ ಕಡೆ ನೋಡಿದಳು. ಮುಚ್ಚಳ ತೆಗೆದೇ ಇತ್ತು.

"ನಾಳೆಗೆ?" ಎಂದಳು.

"ನಾಳೆಗೆ ಇಲ್ಲ" ಎಂದೆ. "ತಿನ್ನು."

ಅವಳು ಒಂದು ತುತ್ತು ಬಾಯಿಗಿಟ್ಟಳು. ಇನ್ನೊಂದು ಇಟ್ಟಳು. ಆಮೇಲೆ ಕಣ್ಣೀರು ಸುರಿಸುತ್ತಾ, ಎರಡೂ ಕೈಯಲ್ಲಿ ಬಾಚಿ ಬಾಚಿ ತಿಂದಳು.